‘ನಿಶ್ಶಕ್ತಿ’ ಎಂಬ ಒಂದೇ ಮಾತು, ಹಲವು ಬಗೆಯ ರೋಗ

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಮುಂಜಾನೆ, ಹೊಳಲ್ಕೆರೆ ತಾಲ್ಲೂಕಿನ ಗ್ರಾಮವೊಂದರಿಂದ ತರುಣನೊಬ್ಬನನ್ನು ಬಂಧುಗಳು ಹೊತ್ತುಕೊಂಡು ನಮ್ಮ ಬಳಿಗೆ ತಂದಿದ್ದರು. ಹಿಂದಿನ ದಿನವೆಲ್ಲ ಬಿಸಿಲಿನಲ್ಲಿ ಅಡಿಕೆ ತೋಟದ ಕೆಲಸ. ರಾತ್ರಿ ಮದುವೆಮನೆಯಲ್ಲಿ ಹೊಟ್ಟೆ ತುಂಬ ಹೋಳಿಗೆಯೂಟ. ಬೆಳಗಿನ ಜಾವ ಎಚ್ಚರವಾದಾಗ ಮಾತು ಸರಿಯಾಗಿತ್ತು, ಅರಿವು ಸ್ವಚ್ಛವಾಗಿತ್ತು, ಆದರೆ ನಾಲ್ಕೂ ಅಂಗಗಳು ಮಿಸುಕದಂತಾಗಿದ್ದವು. ಗಾಳಿ ಸೋಕಿದೆ ಎಂದರು ಒಬ್ಬರು. ಲಕ್ವ ಹೊಡೆದಿದೆ ಎಂದರು ಇನ್ನೊಬ್ಬರು. ಸಮೀಪದಲ್ಲಿ ತೋರಿಸಿದಾಗ ‘ನಿಶ್ಶಕ್ತಿ’ ಎಂದು ಎರಡು ಬಾಟಲಿ ಗ್ಲೂಕೋಸ್ ಏರಿಸಿ ಕಳುಹಿಸಿದ್ದರು. ಅದರ ಬಳಿಕ ಅವನಿಗೆ ದಿಂಬಿನಿಂದ ತಲೆಯೆತ್ತುವುದೂ ಸಾಧ್ಯವಾಗಲಿಲ್ಲ. ರಕ್ತ ಪರೀಕ್ಷಿಸಿದಾಗ ಪೊಟ್ಯಾಸಿಯಂ ಎಂಬ ಲವಣದ ಅಂಶ ತೀರ ಕುಸಿದಿದ್ದುದು ಕಂಡಿತು. ಅದನ್ನು ಎಚ್ಚರಿಕೆಯಿಂದ ತುಂಬಿಕೊಟ್ಟ ಮೇಲೆ ಮರುದಿನ ಆತ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗ್ಲೂಕೋಸ್ ರಕ್ತಕ್ಕೆ ಸೇರಿದೊಡನೆ ದೇಹ ಇನ್ಸುಲಿನ್ ಸ್ರವಿಸುತ್ತದೆ. ಆ ಇನ್ಸುಲಿನ್ ರಕ್ತದಲ್ಲಿ ಅಳಿದುಳಿದ ಪೊಟ್ಯಾಸಿಯಂ ಅನ್ನೂ ಜೀವಕೋಶಗಳ ಒಳಕ್ಕೆ ಸೆಳೆದುಕೊಳ್ಳುತ್ತದೆ. ಹಿಂದಿನ ರಾತ್ರಿಯ ಸಿಹಿಯೂಟ ಮಾಡಿದ್ದೂ ಅದನ್ನೇ. ಶಕ್ತಿ ಬರಲೆಂದು ಕೊಟ್ಟ ಬಾಟಲಿಯೇ ಇದ್ದ ಶಕ್ತಿಯನ್ನು ಕಸಿದುಕೊಂಡಿತ್ತು. ನಿದ್ರೆಯಿಂದೆದ್ದಾಗ ಮಾತು, ಅರಿವು, ಸ್ಪರ್ಶ ಎಲ್ಲವೂ ಸರಿಯಿದ್ದು ನಾಲ್ಕೂ ಅಂಗಗಳು ಸಮನಾಗಿ ಸೋತಿರುವ ತರುಣ. ಹಿಂದಿನ ದಿನ ಹೆಚ್ಚು ದುಡಿಮೆ, ಹೆಚ್ಚು ಊಟ. ಇಷ್ಟನ್ನು ಯಾರಾದರೂ ಒಟ್ಟಿಗೆ ಇಟ್ಟು ನೋಡಿದ್ದರೆ ರೋಗ ತನ್ನ ಹೆಸರನ್ನು ತಾನೇ ಹೇಳುತ್ತಿತ್ತು.

ನಮ್ಮ ಸೀಮೆಯಲ್ಲಿ ‘ನಿಶ್ಶಕ್ತಿ’ ಎಂಬುದು ವ್ಯಾಕರಣದ ಸರ್ವನಾಮದಂತಾಗಿದೆ. ಯಾವ ರೋಗದ ಹೆಸರಿನ ಬದಲಿಗೂ ಅದನ್ನು ಬಳಸಬಹುದು. ರಕ್ತಹೀನತೆಯ ಬಳಲಿಕೆ, ಮಧುಮೇಹದ ಸುಸ್ತು, ಮನಸ್ಸು ಕುಗ್ಗಿದವರ ನಿರುತ್ಸಾಹ, ನಿಜವಾಗಿಯೂ ನರ ಅಥವಾ ಸ್ನಾಯು ಬಲಗುಂದಿದ ಸ್ಥಿತಿ, ಎಲ್ಲಕ್ಕೂ ಒಂದೇ ಪದ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ನರದೌರ್ಬಲ್ಯ’ಕ್ಕೆ ಮದ್ದು ಮಾರುವವರು ಈ ಪದಕ್ಕೆ ಇನ್ನೂ ಬೇರೆಯದೇ ಅರ್ಥ ಕೊಟ್ಟಿದ್ದಾರೆ, ಅದನ್ನು ಇಲ್ಲಿ ಚರ್ಚಿಸುವುದು ಬೇಡ. ಆಯಾಸಕ್ಕೂ ಬಲಹೀನತೆಗೂ ಇರುವ ಭೇದವನ್ನು ಮೊದಲು ಅರಿಯಬೇಕು. ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತದೆ ಎನ್ನುವವನು ದಣಿದವನು. ಮೆಟ್ಟಿಲ ಮೇಲಕ್ಕೆ ಕಾಲೆತ್ತಿ ಇಡಲಾಗುವುದಿಲ್ಲ ಎನ್ನುವವನು ಬಲಗುಂದಿದವನು. ಈ ಎರಡನೆಯವನಿಗೆ ಟಾನಿಕ್‌ನಿಂದ ಪ್ರಯೋಜನವಿಲ್ಲ.

ಬಲಹೀನತೆಯ ವಿನ್ಯಾಸವನ್ನು ಗುರುತಿಸುವುದು ವೈದ್ಯರ ಕೆಲಸ, ಮನೆಯವರಿಗೆ ಅದರ ಗೊಡವೆಯೇಕೆ ಎಂದು ಕೇಳುವವರುಂಟು. ನಾವು ಇದನ್ನು ಒಪ್ಪುವುದಿಲ್ಲ. ನರರೋಗ ತಜ್ಞರು ಹೆಚ್ಚಾಗಿ ಬೆಂಗಳೂರಿನಂತಹ ಮಹಾನಗರಗಳಲ್ಲಿದ್ದಾರೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ಹಿರಿಯೂರಿನಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 40, ಹೊಸದುರ್ಗದಿಂದ ಸುಮಾರು 60 ಕಿಲೋಮೀಟರ್. ಹೀಗಿರುವಾಗ ರೋಗಿಯನ್ನು ಈಗಲೇ ಕರೆದೊಯ್ಯಬೇಕೇ, ನಾಳೆ ನೋಡೋಣವೇ, ದೊಡ್ಡಾಸ್ಪತ್ರೆಗೋ ನಾಟಿ ವೈದ್ಯರ ಬಳಿಗೋ ಎಂಬ ಮೊದಲ ತೀರ್ಮಾನ ಆಗುವುದು ಮನೆಯ ಜಗಲಿಯ ಮೇಲೆ. ಅಲ್ಲಿ ಕುಳಿತವರಿಗೆ ತಿಳಿದಿರದಿದ್ದರೆ ಇನ್ನೂರು ಕಿಲೋಮೀಟರ್ ಆಚೆಗಿರುವ ಪಾಂಡಿತ್ಯದಿಂದ ಏನಾದೀತು? ಇನ್ನೊಂದು ಮಾತು. ವೈದ್ಯರು ರೋಗಿಯನ್ನು ನೋಡುವುದು ಹತ್ತು ನಿಮಿಷ. ಮನೆಯವರು ನೋಡುವುದು ದಿನವಿಡೀ.

ಭಕ್ತರ ದಿನಚರಿಯೇ ಒಂದು ಪರೀಕ್ಷೆ ಎಂಬುದನ್ನು ನಾವು ಅನುಭವದಿಂದ ಕಂಡಿದ್ದೇವೆ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಪೂಜೆಗೆ ಕುಳಿತವರು, ‘ಇತ್ತೀಚೆಗೆ ಕೈ ತಾನಾಗಿ ಕೆಳಗಿಳಿಯುತ್ತಿದೆ’ ಎಂದು ಹೇಳಿದ್ದುಂಟು. ಬರೆಯುವ ಕೈಯಲ್ಲದ ಕಾರಣ ಎಡಗೈಯ ಸೋಲು ಬೇರೆಯವರ ಗಮನಕ್ಕೆ ತಡವಾಗಿ ಬರುತ್ತದೆ. ಪೂಜೆಯಲ್ಲಿ ಅದು ಮೊದಲೇ ಗೊತ್ತಾಗುತ್ತದೆ. ದಾಸೋಹದ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತವರು ಪ್ರಸಾದ ಮುಗಿಸಿ ಏಳುವುದನ್ನು ನೋಡಿರಿ. ಕೈಯನ್ನು ನೆಲಕ್ಕೆ, ಬಳಿಕ ಮೊಣಕಾಲಿಗೆ, ಬಳಿಕ ತೊಡೆಗೆ ಊರಿ, ತಮ್ಮ ಮೈಯನ್ನೇ ಏಣಿ ಮಾಡಿಕೊಂಡು ಏಳುವವರಿಗೆ ಮಂಡಿ ನೋವಿಲ್ಲದಿದ್ದರೆ, ಸೊಂಟ ಮತ್ತು ತೊಡೆಯ ಸ್ನಾಯುಗಳು ಸೋತಿವೆಯೆಂದು ತಿಳಿಯಬೇಕು. ಹೆಣ್ಣುಮಕ್ಕಳಲ್ಲಾದರೆ ತಲೆ ಬಾಚಿ ಜಡೆ ಹೆಣೆಯಲು ತೋಳು ಮೇಲೆ ನಿಲ್ಲದಿರುವುದು, ಅಟ್ಟದ ಮೇಲಿನ ಪಾತ್ರೆ ಇಳಿಸಲಾಗದಿರುವುದು ಅದೇ ಬಗೆಯ ಚಿಹ್ನೆ. ಹೀಗೆ ದೇಹದ ನಡುವಿಗೆ ಹತ್ತಿರವಾದ ಭುಜ ಮತ್ತು ತೊಡೆ ಎರಡೂ ಕಡೆ ಸೋತರೆ ದೋಷ ಬಹುಮಟ್ಟಿಗೆ ಸ್ನಾಯುವಿನದು. ಇದಕ್ಕೆ ವಿರುದ್ಧವಾಗಿ, ಹೊಸಿಲು ಎಡವುವುದು, ಚಪ್ಪಲಿಯ ಮುಂತುದಿ ಮಾತ್ರ ಸವೆಯುವುದು, ಚಪ್ಪಲಿ ಕಾಲಿನಿಂದ ಕಳಚಿ ಬಿದ್ದರೂ ಅರಿವಿಗೆ ಬಾರದಿರುವುದು, ಇವು ಪಾದದ ತುದಿಯಿಂದ ಆರಂಭವಾಗುವ ನರಗಳ ದೋಷವನ್ನು ಸೂಚಿಸುತ್ತವೆ. ಹಳೆಯ ಮಧುಮೇಹಿಗಳಲ್ಲಿ ಇದು ಸಾಮಾನ್ಯ.

ದೇಹದ ಒಂದೇ ಪಾರ್ಶ್ವ, ಅಂದರೆ ಮುಖ, ಕೈ, ಕಾಲು ಒಂದೇ ಕಡೆ, ಇದ್ದಕ್ಕಿದ್ದಂತೆ ಬಿದ್ದುಹೋದರೆ ಅದು ಮಿದುಳಿನದು. ಪಾರ್ಶ್ವವಾಯು ಎಂಬ ಹೆಸರು ‘ಪಾರ್ಶ್ವ’ದ ಮಟ್ಟಿಗೆ ಬಲು ಸರಿಯಾಗಿದೆ, ‘ವಾಯು’ ಎಂಬ ಮಾತೇ ಜನರನ್ನು ದಾರಿ ತಪ್ಪಿಸಿರುವುದು. ಮಿದುಳಿನ ರಕ್ತನಾಳ ಮುಚ್ಚಿಕೊಂಡಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಂದಾಜು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೊಸದುರ್ಗದ ಅಂಚಿನ ಹಳ್ಳಿಯೊಂದರಲ್ಲಿ ಬೆಳಿಗ್ಗೆ ಆರು ಗಂಟೆಗೆ ಹಿರಿಯರೊಬ್ಬರ ಬಾಯಿ ಸೊಟ್ಟಗಾದರೆ, ಬಂಧುಗಳು ಸೇರುವುದಕ್ಕೆ ಒಂದು ಗಂಟೆ, ಎಣ್ಣೆ ತಿಕ್ಕಿ ಕಾಯುವುದಕ್ಕೆ ಎರಡು ಗಂಟೆ, ಸೊಪ್ಪಿನ ರಸ ಕೊಡುವವರ ಊರಿಗೆ ಹೋಗಿ ಬರುವುದಕ್ಕೆ ಅರ್ಧ ದಿನ. ಪಾರಿವಾಳದ ರಕ್ತ ತಿಕ್ಕಿದರೆ ಗುಣವಾಗುತ್ತದೆಂಬ ನಂಬಿಕೆಯನ್ನು ಸಸ್ಯಾಹಾರಿ ಮನೆಗಳವರೂ ಗುಟ್ಟಾಗಿ ಅನುಸರಿಸಿದ್ದನ್ನು ಕಂಡು ನಾವು ಖೇದಪಟ್ಟಿದ್ದೇವೆ. ಆ ನಾಲ್ಕೂವರೆ ಗಂಟೆ ಹೀಗೆಯೇ ಕಳೆದುಹೋಗುತ್ತದೆ.

ನಾವು ಕೇಳಿಕೊಳ್ಳುವುದಿಷ್ಟು. ನಗಲು ಹೇಳಿದಾಗ ತುಟಿ ಒಂದು ಕಡೆಗೆ ಸರಿದರೆ, ಎರಡೂ ತೋಳುಗಳನ್ನು ಮುಂದಕ್ಕೆ ಚಾಚಲು ಹೇಳಿದಾಗ ಒಂದು ತೋಳು ಇಳಿದರೆ, ಮಾತು ತೊದಲಿದರೆ, ಗಡಿಯಾರ ನೋಡಿ 108ಕ್ಕೆ ಕರೆ ಮಾಡಿರಿ. ರೋಗಿ ಕಡೆಯದಾಗಿ ಸರಿಯಿದ್ದ ವೇಳೆಯನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳುಹಿಸಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಬಾಯಿಗೆ ನೀರು, ಕಾಫಿ, ಮಾತ್ರೆ ಯಾವುದನ್ನೂ ಹಾಕಬೇಡಿರಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲವೂ ತಾನಾಗಿ ಸರಿಹೋಯಿತೆಂದು ಮನೆಯಲ್ಲಿ ಉಳಿಯುವುದೂ ತಪ್ಪು; ಅದು ಮುಂದೆ ಬರಲಿರುವ ದೊಡ್ಡ ಆಘಾತದ ಮುನ್ಸೂಚನೆ ಆಗಿರಬಹುದು. ಕೈಕಾಲು ಸರಿಯಿದ್ದು ಮುಖದ ಒಂದು ಅರ್ಧ ಮಾತ್ರ ಸೋತು, ಆ ಕಡೆಯ ಹಣೆಯೂ ಸುಕ್ಕುಗಟ್ಟದೆ, ಕಣ್ಣೂ ಮುಚ್ಚದಿದ್ದರೆ ಅದು ಸಾಮಾನ್ಯವಾಗಿ ಮುಖದ ನರದ ಊತ, ಪಾರ್ಶ್ವವಾಯುವಲ್ಲ. ಆದರೆ ಆ ನಿರ್ಣಯವನ್ನು ಆಸ್ಪತ್ರೆಯಲ್ಲಿ ಮಾಡಲಿ.

ಪಾರ್ಶ್ವವಾಯುವಿನ ವಿಷಯ ಈಗೀಗ ಜನರಿಗೆ ಅಷ್ಟಿಷ್ಟು ತಿಳಿದಿದೆ. ಕಾಲಿನಿಂದ ಮೇಲಕ್ಕೇರುವ ಸೋಲಿನ ವಿಷಯ ಅಷ್ಟಾಗಿ ತಿಳಿದಿಲ್ಲ. ವಾಂತಿಭೇದಿ ಅಥವಾ ಜ್ವರ ಬಂದು ಹೋದ ಒಂದೆರಡು ವಾರಗಳ ನಂತರ ಎರಡೂ ಪಾದಗಳಲ್ಲಿ ಜೋಮು, ಮರುದಿನ ಮೊಣಕಾಲು ಕುಸಿತ, ಅದರ ಮರುದಿನ ಕೈ, ಆಮೇಲೆ ನುಂಗುವುದು ಮತ್ತು ಉಸಿರು. ಇದಕ್ಕೆ ಗೀಯನ್-ಬಾರೆ ಸಿಂಡ್ರೋಮ್ ಎಂದು ಹೆಸರು. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ನರಗಳ ಮೇಲೆ ಎರಗುವುದು ಅದರ ಮೂಲ. ನಮ್ಮೂರನ್ನು ಹಾದುಹೋಗುವ ಹೆದ್ದಾರಿಯ ಆ ತುದಿಯಲ್ಲಿರುವ ಪುಣೆಯಲ್ಲಿ 2025ರ ಜನವರಿಯಲ್ಲಿ ಇಂತಹ ರೋಗಿಗಳು ಒಮ್ಮೆಲೇ ಹೆಚ್ಚಿ ದೇಶವೆಲ್ಲ ಗಾಬರಿಯಾದುದು ಓದುಗರಿಗೆ ನೆನಪಿರಬಹುದು. ಕಲುಷಿತ ನೀರಿನ ಮೇಲೆ ಆಗ ಸಂಶಯ ಮೂಡಿತ್ತು. ಕಲುಷಿತ ನೀರು ಏನು ಮಾಡಬಲ್ಲುದೆಂಬುದನ್ನು ನಾವು ಪುಣೆಯಿಂದ ಕಲಿಯಬೇಕಾಗಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದುರಂತ ನಮ್ಮ ಕಣ್ಣೆದುರಿಗೇ ನಡೆಯಿತು. ಊರಿನಲ್ಲಿ ಭೇದಿಯ ಹಾವಳಿ ಇಳಿದ ಮೇಲೂ ಎರಡು ಮೂರು ವಾರ ಕಾಲಿನ ಜೋಮನ್ನು ಕಡೆಗಣಿಸಬಾರದು. ಇಂತಹ ರೋಗಿಗೆ ಒಂದೇ ಉಸಿರಿನಲ್ಲಿ 1ರಿಂದ 20ರವರೆಗೆ ಗಟ್ಟಿಯಾಗಿ ಎಣಿಸಲು ಹೇಳಿ ನೋಡಿರಿ. ಅಷ್ಟಕ್ಕೇ ಉಸಿರು ಸಾಲದಿದ್ದರೆ ಕೃತಕ ಉಸಿರಾಟದ ಯಂತ್ರವಿರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಸಕಾಲದಲ್ಲಿ ತಲುಪಿದ ಬಹುಪಾಲು ರೋಗಿಗಳು ಮತ್ತೆ ನಡೆಯುತ್ತಾರೆ. ತಡವಾದರೆ ಸಾವು ಬರುವುದು ಕಾಲಿನ ಸೋಲಿನಿಂದಲ್ಲ, ಉಸಿರಿನ ಸೋಲಿನಿಂದ.

ಇದೇ ಸೋಲು ಮೇಲಿನಿಂದ ಕೆಳಕ್ಕೆ ಇಳಿದರೆ ಕಥೆ ಬೇರೆ. ರಾತ್ರಿ ನೆಲದ ಮೇಲೆ ಮಲಗಿದ್ದವರು ಹೊಟ್ಟೆನೋವೆಂದು ಎದ್ದು, ಕಣ್ಣಿನ ರೆಪ್ಪೆ ಜೋತುಬಿದ್ದು, ವಸ್ತುಗಳು ಎರಡೆರಡಾಗಿ ಕಂಡು, ಮಾತು ಗೊಣಗೊಣವಾಗಿ, ಬಳಿಕ ಕುತ್ತಿಗೆ ಮತ್ತು ಕೈಕಾಲು ಸೋತರೆ ಕಟ್ಟುಹಾವಿನ ಕಡಿತವೆಂದೇ ಮೊದಲು ಶಂಕಿಸಬೇಕು. ಅದರ ಹಲ್ಲಿನ ಗುರುತು ಕಾಣದಿರಬಹುದು, ನೋವೂ ಇರದಿರಬಹುದು. ಹಾವನ್ನು ಯಾರೂ ನೋಡಲಿಲ್ಲವೆಂಬುದು ಆಸ್ಪತ್ರೆಗೆ ಹೋಗದಿರಲು ಕಾರಣವಾಗಬಾರದು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ.

ಇನ್ನು ನಮ್ಮ ಜಿಲ್ಲೆಗೇ ಅಂಟಿಕೊಂಡ ಒಂದು ವಿನ್ಯಾಸವಿದೆ. ಐವತ್ತು ದಾಟಿದ ರೈತ. ಮೊದಲು ಬೆನ್ನು ಮತ್ತು ಕುತ್ತಿಗೆಯ ಬಿಗಿತ. ತೆಂಗಿನ ಮರದ ಗೊನೆ ನೋಡಲು ತಲೆಯೆತ್ತಲಾಗದು, ಯಾರಾದರೂ ಹಿಂದಿನಿಂದ ಕೂಗಿದರೆ ಇಡೀ ಮೈಯನ್ನೇ ತಿರುಗಿಸಬೇಕು. ವರ್ಷಗಳು ಕಳೆದಂತೆ ಎರಡೂ ಕಾಲುಗಳು ಕೊರಡಿನಂತೆ ಬಿಗಿಯುತ್ತವೆ, ನಡಿಗೆಯಲ್ಲಿ ಮೊಣಕಾಲು ಒಂದಕ್ಕೊಂದು ತಗಲುತ್ತದೆ, ಮೂತ್ರ ತಡೆದು ತಡೆದು ಹೋಗುತ್ತದೆ. ಇದು ಮಂಡಿ ಸವೆತವಲ್ಲ, ವಯಸ್ಸಿನ ದೋಷವೂ ಅಲ್ಲ. ಬೆನ್ನುಹುರಿ ಅದುಮಿಹೋಗುತ್ತಿರುವ ಲಕ್ಷಣ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಕುಡಿಯುವ ನೀರಿನ ಭಾರತೀಯ ಮಾನಕ. ಅದಕ್ಕೂ ಮೀರಿದ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮೂಳೆ ದಪ್ಪಗಾಗಿ, ಸಂಧಿಬಂಧಗಳು ಗಟ್ಟಿಯಾಗಿ, ಬೆನ್ನುಹುರಿ ಹಾಯುವ ಕೊಳವೆ ಕಿರಿದಾಗುತ್ತದೆ. ಮೂಳೆಯ ಈ ರೋಗ ಭಾರತದಲ್ಲಿ ಮೊದಲು ವರದಿಯಾದುದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಎಂಟು ದಶಕಗಳು ಕಳೆದರೂ ನಮ್ಮ ರೈತರು ಇದನ್ನು ‘ಸೊಂಟವಾಯು’ ಎಂದೇ ಕರೆಯುತ್ತಿದ್ದಾರೆ. ಹಲ್ಲಿನ ಮೇಲಿನ ಕಂದು ಕಲೆ ಊರಿನ ಮಕ್ಕಳಲ್ಲಿ ಕಂಡರೆ ಆ ನೀರನ್ನು ಪರೀಕ್ಷೆಗೆ ಕಳುಹಿಸಬೇಕು. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುತ್ತಿಗೆ ಬಿಗಿದವರು ಕ್ಷೌರದಂಗಡಿಯಲ್ಲಿ ನೆಟಿಗೆ ತೆಗೆಸಿಕೊಳ್ಳುವ ರೂಢಿಯಂತೂ ಅಪಾಯಕರ. ಎರಡೂ ಕಾಲು ಸೋತು ಜೊತೆಗೆ ಮಲಮೂತ್ರದ ಹತೋಟಿ ತಪ್ಪಿದರೆ, ಕಾರಣ ಫ್ಲೋರೈಡ್ ಆಗಿರಲಿ, ಬೆನ್ನುಮೂಳೆಯ ಕ್ಷಯವಾಗಿರಲಿ, ಗೆಡ್ಡೆಯಾಗಿರಲಿ, ಒಂದು ದಿನವನ್ನೂ ಕಳೆಯಬಾರದು.

ಬೆನ್ನುಹುರಿಗೆ ಪೆಟ್ಟು ಕೊಡುವ ಇನ್ನೊಂದು ಕಾರಣ ಸಸ್ಯಾಹಾರಿಗಳಾದ ನಮಗೆ ಹೆಚ್ಚು ಹತ್ತಿರದ್ದು. ಬಿ-12 ಜೀವಸತ್ವ ಸಸ್ಯಗಳಿಂದ ದೊರೆಯುವುದಿಲ್ಲ. ಹಾಲು, ಮೊಸರು, ಮಜ್ಜಿಗೆಗಳೇ ನಮಗೆ ಆಧಾರ. ವಯಸ್ಸಾದಂತೆ ಹಾಲು ಬಿಟ್ಟವರಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಕೊರತೆ ಕಾಣಿಸಿಕೊಳ್ಳುತ್ತದೆ. ಪಾದ ಹತ್ತಿಯ ಮೇಲಿಟ್ಟಂತೆ ಭಾಸ, ಕತ್ತಲಲ್ಲಿ ತೂರಾಟ, ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ವಾಲಿ ಬೀಳುವಂತಾಗುವುದು ಇದರ ಗುರುತು. ಬೇಗ ಪತ್ತೆಯಾದರೆ ಚುಚ್ಚುಮದ್ದಿನಿಂದ ಗುಣವಾಗುತ್ತದೆ, ಸಸ್ಯಾಹಾರವನ್ನು ಬಿಡಬೇಕಾಗಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಹಿರಿಯೂರು ಕಡೆಯ ಹೆಣ್ಣುಮಗಳೊಬ್ಬಳನ್ನು ಅವಳ ಅತ್ತೆ ಕರೆತಂದಿದ್ದರು. ‘ಬೆಳಿಗ್ಗೆ ಚೆನ್ನಾಗಿಯೇ ಇರ್ತಾಳೆ ಡಾಕ್ಟ್ರೇ, ಮಧ್ಯಾಹ್ನದ ಮೇಲೆ ಕೆಲಸ ಅಂದ್ರೆ ಕೈ ಬಿದ್ದೋಯ್ತು ಅಂತಾಳೆ. ಸಂಜೆ ಮುದ್ದೆ ತಿರುವೋಕೂ ಆಗಲ್ವಂತೆ’ ಎಂಬುದು ಆಕೆಯ ದೂರು. ನಾವು ಅವಳನ್ನು ಪರೀಕ್ಷಿಸಿದ್ದು ಬೆಳಿಗ್ಗೆ ಹತ್ತು ಗಂಟೆಗೆ. ಯಾವ ದೋಷವೂ ಕಾಣಲಿಲ್ಲ. ಮನಸ್ಸಿನ ಬೇಸರವೆಂದು ಟಾನಿಕ್ ಬರೆದು ಕಳುಹಿಸಿದೆವು. ಆರು ತಿಂಗಳ ಬಳಿಕ ಅವಳು ಮತ್ತೆ ಬಂದಾಗ ಸಂಜೆಯಾಗಿತ್ತು. ಒಂದು ರೆಪ್ಪೆ ಅರ್ಧ ಇಳಿದಿತ್ತು. ಮಾತು ನಾಲ್ಕು ವಾಕ್ಯಗಳ ಬಳಿಕ ಮೂಗಿನಿಂದ ಬರುತ್ತಿತ್ತು. ಅಗಿಯುವಾಗ ದವಡೆಗೆ ಕೈ ಆಸರೆ ಕೊಡಬೇಕಿತ್ತು. ಅದು ಮೈಯಾಸ್ತೇನಿಯಾ ಗ್ರಾವಿಸ್. ನರ ಸ್ನಾಯುವನ್ನು ಸೇರುವ ಸಂಧಿಯಲ್ಲಿ ದೋಷವಿರುವ ಈ ರೋಗದಲ್ಲಿ ಬಳಸಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸುತ್ತದೆ. ಆರು ತಿಂಗಳು ಆ ಮನೆಯಲ್ಲಿ ಅವಳು ಸೋಮಾರಿ ಎನ್ನಿಸಿಕೊಂಡಿದ್ದಳು. ಆ ಮಾತಿಗೆ ನಮ್ಮ ಚೀಟಿ ಮುದ್ರೆಯೊತ್ತಿತ್ತು. ಅತ್ತೆಯವರ ದೂರಿನಲ್ಲಿಯೇ ರೋಗನಿರ್ಣಯ ಅಡಗಿತ್ತು, ನಮಗೆ ಕೇಳಿಸಿರಲಿಲ್ಲ. ಇಂದು ಪ್ರತಿ ಮನೆಯಲ್ಲೂ ಮೊಬೈಲ್ ಇದೆ. ಸಂಜೆಯ ಹೊತ್ತಿನ ಮುಖವನ್ನು, ಮಾತನ್ನು, ನಡಿಗೆಯನ್ನು ಅರ್ಧ ನಿಮಿಷ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿರಿ.

ಮಕ್ಕಳ ವಿಷಯದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಮೂರರಿಂದ ಐದು ವರ್ಷದ ಗಂಡುಮಗು ಪದೇ ಪದೇ ಬೀಳುತ್ತದೆ, ಓಡಲಾರದು, ನೆಲದಿಂದ ಏಳುವಾಗ ತನ್ನ ತೊಡೆಗಳನ್ನೇ ಹಿಡಿದು ಮೇಲೇರುತ್ತದೆ; ಆದರೆ ಮೀನಖಂಡಗಳು ಉಬ್ಬಿ ಪೈಲ್ವಾನನಂತೆ ಕಾಣುತ್ತವೆ. ಅಜ್ಜ ಅಜ್ಜಿಯರು ಹಿಗ್ಗುವ ಆ ಮೀನಖಂಡವೇ ರೋಗದ ಚಿಹ್ನೆ. ಹೀಗೆ ಏಳುವ ಬಗೆಯನ್ನು ವಿಲಿಯಂ ಗೋವರ್ಸ್ ಎಂಬ ಆಂಗ್ಲ ವೈದ್ಯ 1879ರಲ್ಲಿಯೇ ವಿವರಿಸಿದ್ದಾನೆ. ಡುಶೆನ್ ಎಂಬ ಈ ಸ್ನಾಯುಕ್ಷಯ ತಾಯಿಯ ಮೂಲಕ ಬರಬಹುದು, ಎಷ್ಟೋ ಮಕ್ಕಳಲ್ಲಿ ಹೊಸದಾಗಿಯೇ ಹುಟ್ಟಬಹುದು. ತಾಯಿಯನ್ನು ದೂಷಿಸುವುದು ಅನ್ಯಾಯ. ಸೋದರಸಂಬಂಧದ ಮದುವೆಗೂ ಇದಕ್ಕೂ ನಂಟಿಲ್ಲ. ಆದರೆ ಬೇರೆ ಕೆಲವು ಸ್ನಾಯು ಮತ್ತು ನರರೋಗಗಳಿಗೆ ಆ ನಂಟು ಖಂಡಿತ ಇದೆ. ಸೋದರಮಾವ, ಅತ್ತೆಮಗ ಎಂದು ಕೊಟ್ಟು ತಂದುಕೊಳ್ಳುವ ಮನೆಗಳವರು ಇದನ್ನು ಯೋಚಿಸಬೇಕು. ಪೂರ್ಣ ಗುಣಪಡಿಸುವ ಮದ್ದು ಡುಶೆನ್‌ಗೆ ಇಲ್ಲ. ಆದರೂ ಮಗು ನಡೆಯುವ ವರ್ಷಗಳನ್ನು ಔಷಧದಿಂದ ಹೆಚ್ಚಿಸಬಹುದು, ಎರಡನೆಯ ಮಗುವಿಗೆ ಮೊದಲು ಆನುವಂಶಿಕ ಸಲಹೆ ಪಡೆಯಬಹುದು. ಹದಿನೈದು ವರ್ಷದೊಳಗಿನ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಜೋತುಬಿದ್ದರೆ, ಪೋಲಿಯೊ ನಮ್ಮ ದೇಶದಿಂದ ಹೋಗಿದ್ದರೂ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅಂದೇ ತಿಳಿಸಬೇಕು. 14 ದಿನಗಳೊಳಗೆ ಮಲದ ಮಾದರಿ ಹೋಗಬೇಕಾಗುತ್ತದೆ.

ಕೈಯೊಂದೇ ಸಣ್ಣಗಾಗುವ ಯುವಕರನ್ನೂ ನಾವು ಕಂಡಿದ್ದೇವೆ. ನೋವಿಲ್ಲ, ಮರಗಟ್ಟುವಿಕೆಯಿಲ್ಲ, ಅಂಗೈ ಮತ್ತು ಮುಂಗೈ ಬತ್ತುತ್ತವೆ, ಚಳಿಗಾಲದಲ್ಲಿ ಬೆರಳು ಇನ್ನಷ್ಟು ಸೆಟೆಯುತ್ತವೆ. ಜಪಾನಿನಲ್ಲಿ 1959ರಲ್ಲಿ ಹಿರಾಯಾಮ ಅವರು ವಿವರಿಸಿದ ಇಂತಹ ರೋಗಕ್ಕೆ ‘ಏಕಾಂಗ ಸ್ನಾಯುಕ್ಷಯ’ ಎಂಬರ್ಥದ ಹೆಸರನ್ನಿತ್ತು 1984ರಲ್ಲಿ ಜಗತ್ತಿಗೆ ತಿಳಿಸಿದವರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಅವರ ಸಂಗಡಿಗರು. ಕೆಲವು ವರ್ಷಗಳಲ್ಲಿ ತಾನಾಗಿ ನಿಲ್ಲುವ ಈ ರೋಗವನ್ನು, ನಿಲ್ಲದೆ ಹಬ್ಬುವ ಇನ್ನೊಂದು ಮಾರಕ ನರರೋಗದಿಂದ ಬೇರ್ಪಡಿಸಿದ್ದು ಅವರ ಸೂಕ್ಷ್ಮ ಅವಲೋಕನ. ಕೈ ಬತ್ತಿದ ಕಡೆ ಸ್ಪರ್ಶವೂ ಇಲ್ಲದಿದ್ದರೆ, ಚರ್ಮದ ಮೇಲೆ ಮಾಸಲು ಮಚ್ಚೆಯಿದ್ದರೆ ಅದು ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಉಚಿತ ಔಷಧವಿದೆ, ಮುಚ್ಚಿಡುವುದು ಬೇಡ.

ಮಿದುಳಿನ ರೋಗಗಳನ್ನು ತಾಲ್ಲೂಕು ಮಟ್ಟದ ವೈದ್ಯರೂ ಗುರುತಿಸುವಂತಾಗಲೆಂದು ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿತು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆವಿನ ಕಾಯಿಲೆಗಳಿಗೆ ಅದರಲ್ಲಿ ಆದ್ಯತೆ. ಸ್ನಾಯು, ನರ, ಬೆನ್ನುಹುರಿಗಳ ಸೋಲು ಅಲ್ಲಿಯೂ ಹಿಂದೆಯೇ ಉಳಿದಿದೆಯೆಂಬುದು ನಮ್ಮ ಅನಿಸಿಕೆ. ನಮ್ಮ ಮಠಗಳಲ್ಲಿ, ಶಾಲಾ ಕಾಲೇಜುಗಳಲ್ಲಿ, ಜಾತ್ರೆಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳೂ ರಕ್ತದೊತ್ತಡ ಮತ್ತು ಸಕ್ಕರೆ ಅಳೆದು, ಮಾತ್ರೆ ಹಂಚಿ ಮುಗಿಯುತ್ತವೆ. ಅವು ಬೇಕು. ಅವುಗಳ ಜೊತೆಗೆ ಒಂದು ಚಾಪೆ ಹಾಸಿ, ಬಂದವರನ್ನು ಕೂರಿಸಿ ಏಳಿಸಿರಿ. ಕಣ್ಣು ಮುಚ್ಚಿ ತೋಳು ಚಾಚಲು, ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಲು, ತಲೆಯೆತ್ತಿ ಸೂರು ನೋಡಲು ಹೇಳಿರಿ. ಯಂತ್ರ ಬೇಡ, ಹಣ ಬೇಡ. ತಲೆಗೆ ಮೂರು ನಿಮಿಷ ಸಾಕು. ಸೋತವರ ಹೆಸರಿನ ಮುಂದೆ ಯಾವ ಅಂಗ, ಎಷ್ಟು ದಿನದಿಂದ, ದಿನದ ಯಾವ ಹೊತ್ತಿನಲ್ಲಿ ಎಂದು ಬರೆದ ಚೀಟಿಯೊಂದನ್ನು ಕೈಗಿತ್ತು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿರಿ. ಮುಂದಿನ ಶಿಬಿರದಿಂದಲೇ ಇದನ್ನು ಆರಂಭಿಸುವುದಾದರೆ ಚಾಪೆಯ ಪಕ್ಕದಲ್ಲಿ ಕುಳಿತು ಚೀಟಿ ಬರೆಯಲು ನಾವು ಸಿದ್ಧರಿದ್ದೇವೆ.